ಒಂದೇ ಕಾರ್ಖಾನೆ, ಮೂರು ಹೆಸರು: ಹಳೆಯ ತರಬೇತಿ ರೈಫಲ್ ಒಂದನ್ನು ಓದೋದು ಹೇಗೆ?

ಜರ್ಮನಿಯ ಥುರಿಂಗಿಯಾ ರಾಜ್ಯದಲ್ಲಿ ಸೂಲ್ ಅಂತ ಒಂದು ಊರಿದೆ. ತಲೆಮಾರುಗಳಿಂದ ಬಂದೂಕು ಮಾಡೋದೇ ಆ ಊರಿನ ಕಸುಬು. 1930ರ ದಶಕದಲ್ಲಿ ಅಲ್ಲಿನ ಒಂದು ಕಾರ್ಖಾನೆ, ಹುಡುಗರಿಗೆ ಗುರಿ ಇಡೋದು ಕಲಿಸುವ ಸಣ್ಣ ಗುಂಡಿನ ರೈಫಲ್‌ಗಳನ್ನು ತಯಾರಿಸಿತು. ಇವತ್ತು ಸಂಗ್ರಾಹಕರ ಬಳಿ ಉಳಿದಿರುವ ಆ ರೈಫಲ್‌ಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ ನೋಡಿ. ಮೊದಲಿನವುಗಳ ಮೇಲೆ 'ಸಿಮ್ಸನ್' ಅಂತ ಕೊರೆದಿದೆ. ಆಮೇಲಿನವುಗಳ ಮೇಲೆ 'ಬಿಎಸ್‌ಡಬ್ಲ್ಯು' ಅಂತಿದೆ. ಕೊನೆಯವುಗಳ ಮೇಲೆ 'ಗುಸ್ಟ್‌ಲೋಫ್' ಅಂತಿದೆ. ಕಾರ್ಖಾನೆ ಅದೇ, ಊರು ಅದೇ. ಹೆಸರು ಮಾತ್ರ ಕೆಲವೇ ವರ್ಷಗಳಲ್ಲಿ ಎರಡು ಸಲ ಬದಲಾಗಿದೆ. ಯಾಕೆ?

ನನಗೆ ಬಂದೂಕಿನ ಮೋಹ ಇಲ್ಲ. ಆದರೆ ಹಳೆಯ ಸರಕುಗಳ ಮೇಲಿನ ಮುದ್ರೆ, ನಂಬರು, ಅಳಿಸಿದ ಗುರುತು ಓದೋ ಚಟ ಇದೆ. ಈ ಒಂದೇ ಗುಂಡಿನ ತರಬೇತಿ ರೈಫಲ್‌ಗಳಷ್ಟು ರಾಜಕೀಯವನ್ನು ಮೈಮೇಲೆ ಬರೆದುಕೊಂಡ ವಸ್ತುಗಳು ಕಡಿಮೆ ಅಂತ ನನ್ನ ಅಭಿಪ್ರಾಯ. ಯುದ್ಧದ ಬಂದೂಕು, ಯುದ್ಧ ನಡೆಯಿತು ಅಂತಷ್ಟೇ ಹೇಳುತ್ತೆ. ತರಬೇತಿಯ ಬಂದೂಕು, ಯುದ್ಧಕ್ಕೆ ಯಾರನ್ನು, ಯಾವ ವಯಸ್ಸಿನಿಂದ, ಯಾವ ಹೆಸರಲ್ಲಿ ತಯಾರು ಮಾಡಿದರು ಅಂತ ಹೇಳುತ್ತೆ. ಅದನ್ನು ಓದೋದು ಹೇಗೆ ಅಂತ ಇಲ್ಲಿ ವಿವರಿಸ್ತೀನಿ.

ಇದು ಯಾವ ಥರದ ಬಂದೂಕು?

ಸೈನಿಕರ ರೈಫಲ್‌ನಲ್ಲಿ ಮ್ಯಾಗಜಿನ್ ಇರುತ್ತೆ. ಐದೋ ಹತ್ತೋ ತೋಟಾ ತುಂಬಿಸಿಟ್ಟು ಒಂದಾದ ಮೇಲೊಂದು ಹೊಡೀಬಹುದು. ತರಬೇತಿಯ ಸಿಂಗಲ್ ಶಾಟ್ ರೈಫಲ್‌ನಲ್ಲಿ ಅದಿಲ್ಲ. ಬೋಲ್ಟ್ ಎಳೆದು, ಕೈಯಾರೆ ಒಂದು ತೋಟಾ ಇಟ್ಟು, ಬೋಲ್ಟ್ ಮುಚ್ಚಿ, ಗುರಿ ಇಟ್ಟು ಹೊಡೆಯಬೇಕು. ಇನ್ನೊಂದು ಗುಂಡು ಬೇಕಂದ್ರೆ ಮತ್ತೆ ಮೊದಲಿಂದ. ಕಲಿಯೋರಿಗೆ ಇದು ಒಳ್ಳೆಯದು: ಅವಸರ ಆಗಲ್ಲ, ಕಲಿಸೋನಿಗೆ ಎಷ್ಟು ಗುಂಡು ಖರ್ಚಾಯ್ತು ಅಂತ ಲೆಕ್ಕ ಸಿಗುತ್ತೆ, ಅಪಾಯವೂ ಕಡಿಮೆ.

ಬಹುತೇಕ ಎಲ್ಲದರಲ್ಲೂ ಬಳಸೋದು ಪಾಯಿಂಟ್ ಟೂ ಟೂ ತೋಟಾ. ಅದರ ಸೀಸದ ಗುಂಡಿನ ತೂಕ ಸುಮಾರು 2.6 ಗ್ರಾಂ. ಜರ್ಮನ್ ಸೈನ್ಯದ ರೈಫಲ್ ಗುಂಡು 12.8 ಗ್ರಾಂ. ಅಂದರೆ ಸದ್ದು ಕಡಿಮೆ, ಭುಜಕ್ಕೆ ಹೊಡೆತ ಕಡಿಮೆ, ಖರ್ಚು ಕಡಿಮೆ. ದೊಡ್ಡ ಮೈದಾನ ಬೇಕಿಲ್ಲ, ಒಂದು ಹಾಲ್‌ನ ಗೋಡೆಗೆ ಗುರಿಹಲಗೆ ತೂಗುಹಾಕಿದರೂ ಸಾಕು.

ಗಮನಿಸಬೇಕಾದ್ದು ಬೇರೆ ಇದೆ. ಗುಂಡು ಸಣ್ಣದಾದರೂ ಬಂದೂಕಿನ ಮೈಕಟ್ಟು ಸೈನ್ಯದ ರೈಫಲ್‌ನದ್ದೇ. ಹಿಡಿಯೋ ರೀತಿ, ಬೋಲ್ಟ್ ತಿರುಗಿಸೋ ಅಭ್ಯಾಸ, ಗುರಿಕಾಯಿ ನೋಡೋ ಕ್ರಮ, ಭುಜಕ್ಕೆ ಪಟ್ಟಿ ಸಿಕ್ಕಿಸೋ ಜಾಗ, ಎಲ್ಲವೂ ದೊಡ್ಡದರ ಹಾಗೆ. ಹದಿನಾಲ್ಕರ ಹುಡುಗ ಇದರಲ್ಲಿ ಪಳಗಿದರೆ ಹದಿನೆಂಟಕ್ಕೆ ಕೈಗೆ ಬರುವ ನಿಜವಾದ ರೈಫಲ್ ಅವನಿಗೆ ಹೊಸದು ಅನಿಸಲ್ಲ. ಉದ್ದೇಶವೇ ಅದು.

ಈ ಐಡಿಯಾ ನಾಜಿಗಳದ್ದಲ್ಲ

ಇದನ್ನು ಹಿಟ್ಲರ್ ಕಂಡುಹಿಡಿದ ಅಂತ ಯಾರೂ ಅಂದುಕೊಳ್ಳಬೇಡಿ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ರೈತ ಬೋಯರ್‌ಗಳ ಗುರಿಯ ಮುಂದೆ ಪೆಟ್ಟು ತಿಂದರು. ನಮ್ಮ ಕಾರ್ಮಿಕರಿಗೂ ಗುರಿ ಇಡೋದು ಕಲಿಸಬೇಕು ಅಂತ ಫೀಲ್ಡ್ ಮಾರ್ಷಲ್ ಲಾರ್ಡ್ ರಾಬರ್ಟ್ಸ್ ಪ್ರಚಾರಕ್ಕೆ ಇಳಿದರು. 1901ರಲ್ಲಿ ಕಾರ್ಮಿಕರ ರೈಫಲ್ ಕ್ಲಬ್‌ಗಳ ಸಂಘವೇ ಹುಟ್ಟಿತು. ಪಾಯಿಂಟ್ ಟೂ ಟೂ ತರಬೇತಿ ರೈಫಲ್‌ಗಳು ಬಂದವು. ಲೀ-ಎನ್‌ಫೀಲ್ಡ್ ರೈಫಲ್‌ಗಳನ್ನೇ ಸಣ್ಣ ಗುಂಡಿಗೆ ಪರಿವರ್ತಿಸಿದ ಮಾದರಿಗಳೂ ಬಂದವು. ಅವುಗಳಲ್ಲಿ ಒಂದು ಬಗೆಯಲ್ಲಿ ಹೊರಗಿನಿಂದ ನೋಡಿದರೆ ಮ್ಯಾಗಜಿನ್ ಇರುತ್ತೆ. ಆದರೆ ಅದರ ಒಳಗೆ ಏನೂ ಇರಲ್ಲ. ಹೊಡೆದ ತೋಟಾದ ಖಾಲಿ ಕೊಳವೆ ಅದರೊಳಗೆ ಬೀಳಲಿ ಅಂತ ಖಾಲಿ ಡಬ್ಬಿಯನ್ನು ಹಾಗೇ ಉಳಿಸಿದ್ದಾರೆ.

ಅದೇ ಬ್ರಿಟನ್, ಅದೇ ಕಾಲದಲ್ಲಿ, ಇಂಡಿಯಾದಲ್ಲಿ ಏನು ಮಾಡ್ತಿತ್ತು? 1878ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ. ಲಂಡನ್ನಿನ ಗಿರಣಿ ಕೆಲಸಗಾರನ ಕೈಗೆ ರೈಫಲ್ ಕೊಡಿ ಅನ್ನೋ ಸಾಮ್ರಾಜ್ಯ, ಇಲ್ಲಿನ ರೈತನ ಕೈಯಲ್ಲಿರೋ ಕೋವಿಗೆ ಪರ್ಮಿಷನ್ ಕೇಳ್ತಿತ್ತು. ಇಲ್ಲಿನ ವಿಶ್ವವಿದ್ಯಾಲಯಗಳ ಹುಡುಗರಿಗೆ ಕವಾಯತು ಕಲಿಸೋ ದಳ ಶುರುವಾಗಿದ್ದು 1917ರಲ್ಲಿ, ಮೊದಲ ಮಹಾಯುದ್ಧಕ್ಕೆ ಸಾಮ್ರಾಜ್ಯಕ್ಕೆ ಜನ ಬೇಕಾದಾಗ. ಗುರಿ ಇಡೋ ಪಾಠ ಯಾರಿಗೆ, ಯಾವಾಗ ಅನ್ನೋದು ಯಾವತ್ತೂ ರಾಜಕೀಯ ತೀರ್ಮಾನವೇ.

177ನೇ ವಿಧಿ

ಈಗ ಜರ್ಮನಿಗೆ ಬರೋಣ. 1919ರ ವರ್ಸೈಲ್ಸ್ ಒಪ್ಪಂದ ಜರ್ಮನ್ ಸೈನ್ಯವನ್ನು 1 ಲಕ್ಷ ಜನಕ್ಕೆ ಇಳಿಸಿತು ಅನ್ನೋದು ನಮ್ಮ ಪಠ್ಯಪುಸ್ತಕದಲ್ಲೂ ಇದೆ. ಅದೇ ಒಪ್ಪಂದದ 177ನೇ ವಿಧಿಯ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ಶಾಲೆ, ವಿಶ್ವವಿದ್ಯಾಲಯ, ಮಾಜಿ ಸೈನಿಕರ ಸಂಘ, ಶೂಟಿಂಗ್ ಕ್ಲಬ್, ಪ್ರವಾಸಿ ಕ್ಲಬ್, ಯಾವುದೂ ಮಿಲಿಟರಿ ವಿಷಯಕ್ಕೆ ಕೈ ಹಾಕಬಾರದು, ಸದಸ್ಯರಿಗೆ ಶಸ್ತ್ರಾಸ್ತ್ರ ತರಬೇತಿ ಕೊಡಬಾರದು ಅಂತ ಅದು ಹೇಳುತ್ತೆ. ಸೈನ್ಯವನ್ನು ಚಿಕ್ಕದು ಮಾಡಿದರೆ ಸಾಲದು, ಸಮಾಜದ ಒಳಗಿನ ಸೈನ್ಯವನ್ನೂ ತಡೀಬೇಕು ಅನ್ನೋದು ಒಪ್ಪಂದ ಬರೆದವರಿಗೆ ಗೊತ್ತಿತ್ತು.

ಇದರಿಂದ ತಪ್ಪಿಸಿಕೊಳ್ಳೋಕೆ ಸಿಕ್ಕ ದಾರಿ ಒಂದೇ ಪದ: ಕ್ರೀಡೆ. ಪಾಯಿಂಟ್ ಟೂ ಟೂ ಅಂದರೆ ಆಟದ ಬಂದೂಕು, ಅದಕ್ಕೂ ಸೈನ್ಯಕ್ಕೂ ಏನು ಸಂಬಂಧ? 1920ರ ದಶಕದಲ್ಲಿ ಸಣ್ಣ ಗುಂಡಿನ ಶೂಟಿಂಗ್ ಜರ್ಮನಿಯಲ್ಲಿ ಜೋರಾಗಿ ಬೆಳೆಯಿತು. 'ವೇರ್‌ಸ್ಪೋರ್ಟ್', ಅಂದರೆ 'ರಕ್ಷಣಾ ಕ್ರೀಡೆ' ಅನ್ನೋ ಪದ ಚಾಲ್ತಿಗೆ ಬಂತು. ಇದು ಬರೀ ನಾಜಿಗಳ ಕೆಲಸವಾಗಿರಲಿಲ್ಲ. 1932ರಲ್ಲಿ, ಹಿಟ್ಲರ್ ಇನ್ನೂ ಅಧಿಕಾರಕ್ಕೆ ಬರುವ ಮುಂಚೆಯೇ, ಅಧ್ಯಕ್ಷ ಹಿಂಡೆನ್‌ಬರ್ಗ್ 'ಯುವಕರನ್ನು ಗಟ್ಟಿಗೊಳಿಸುವ' ಒಂದು ಸರ್ಕಾರಿ ಮಂಡಳಿ ಮಾಡಿ ಅದರ ನೇತೃತ್ವವನ್ನು ಒಬ್ಬ ಜನರಲ್‌ಗೆ ಕೊಟ್ಟಿದ್ದರು. ಪ್ರಜಾಪ್ರಭುತ್ವವೇ ಬಾಗಿಲು ತೆರೆದಿಟ್ಟಿತ್ತು, ನಾಜಿಗಳು ಒಳಗೆ ಬಂದು ಮನೆ ತಮ್ಮದು ಅಂದರು.

1934ರಲ್ಲಿ ಹಲವು ಕಂಪನಿಗಳು ಒಂದೇ ಮಾದರಿಗೆ ರೈಫಲ್ ಮಾಡೋಕೆ ಶುರು ಮಾಡಿದವು. ಹೆಸರು 'ಡಾಯ್ಚೆಸ್ ಸ್ಪೋರ್ಟ್‌ಮೊಡೆಲ್', ಜರ್ಮನ್ ಕ್ರೀಡಾ ಮಾದರಿ. ಸಂಗ್ರಾಹಕರು ಇದನ್ನ ಡಿಎಸ್‌ಎಂ 34 ಅಂತಾರೆ. ತಾರೀಖು ನೋಡಿ: ಕಡ್ಡಾಯ ಸೈನಿಕ ಸೇವೆ ವಾಪಸ್ ಬಂದಿದ್ದು 1935ರ ಮಾರ್ಚ್‌ನಲ್ಲಿ. ಸೈನ್ಯದ ಪ್ರಸಿದ್ಧ ಕೆ98ಕೆ ರೈಫಲ್ ಅಧಿಕೃತ ಆಗಿದ್ದೂ 1935ರಲ್ಲಿ. ಅದೇ ಮೈಕಟ್ಟಿನ 'ಕ್ರೀಡಾ' ರೈಫಲ್ ಒಂದು ವರ್ಷ ಮೊದಲೇ ಹುಡುಗರ ಕೈಯಲ್ಲಿತ್ತು.

ದಶಕದ ಕೊನೆಗೆ ಮುಂದಿನ ಮಾದರಿ ಬಂತು: 'ಕ್ಲೈನ್‌ಕ್ಯಾಲಿಬರ್ ವೇರ್‌ಸ್ಪೋರ್ಟ್‌ಗೆವೇರ್', ಚಿಕ್ಕದಾಗಿ ಕೆಕೆಡಬ್ಲ್ಯು. ಅಂದರೆ ಸಣ್ಣ ಗುಂಡಿನ ರಕ್ಷಣಾ ಕ್ರೀಡೆಯ ಬಂದೂಕು. ಹೆಸರಲ್ಲಿ 'ಕ್ರೀಡೆ' ಇದ್ದಿದ್ದು 'ರಕ್ಷಣಾ ಕ್ರೀಡೆ' ಆಯ್ತು. ಆ ಹೊತ್ತಿಗೆ ಮುಚ್ಚಿಡೋ ಅಗತ್ಯವೇ ಉಳಿದಿರಲಿಲ್ಲ.

ಗುರುತಿಸೋದು ಹೇಗೆ?

ಇಂಥದ್ದೊಂದನ್ನು ಮ್ಯೂಸಿಯಂನಲ್ಲೋ, ಹರಾಜಿನ ಕ್ಯಾಟಲಾಗ್‌ನಲ್ಲೋ ನೋಡಿದರೆ ನಾನು ಈ ಕ್ರಮದಲ್ಲಿ ಓದ್ತೀನಿ.

ಮೊದಲು ಹೊಟ್ಟೆ. ಬೋಲ್ಟ್ ತೆರೆದಾಗ ಕಾಣೋ ಜಾಗದಲ್ಲಿ ಮ್ಯಾಗಜಿನ್‌ಗೆ ರಂಧ್ರ ಇದೆಯಾ, ಇಲ್ಲ ತೋಟಾ ಜಾರಿಸೋ ಒಂದು ಸಣ್ಣ ಕಾಲುವೆ ಅಷ್ಟೇ ಇದೆಯಾ? ಕಾಲುವೆ ಅಷ್ಟೇ ಇದ್ದರೆ ಅದು ಸಿಂಗಲ್ ಶಾಟ್.

ಎರಡನೆಯದು ನಳಿಗೆಯ ಮೇಲಿನ ಅಕ್ಷರ. '.22 ಲಾಂಗ್ ಫ್ಯುರ್ ಬ್ಯುಕ್ಸೆನ್' ಅಂತಿದ್ದರೆ ಅದು ನಮ್ಮ ಪಾಯಿಂಟ್ ಟೂ ಟೂ ಲಾಂಗ್ ರೈಫಲ್ ತೋಟಾದ ಜರ್ಮನ್ ಹೆಸರು.

ಮೂರನೆಯದು ಗುರಿಕಾಯಿ. ಸೈನ್ಯದ ರೈಫಲ್‌ನ ಹಿಂದಿನ ಗುರಿಕಾಯಿಯಲ್ಲಿ 2,000 ಮೀಟರ್‌ವರೆಗೆ ಅಂಕಿ ಇರುತ್ತೆ. ಇವುಗಳಲ್ಲಿ 25ರಿಂದ 200 ಮೀಟರ್ ಮಾತ್ರ. ಆದರೆ ಪಟ್ಟಿಯ ಆಕಾರ, ಅದನ್ನು ಜಾರಿಸೋ ರೀತಿ ದೊಡ್ಡದರದ್ದೇ.

ನಾಲ್ಕನೆಯದು ಮೂತಿಯ ಭಾಗ. ಡಿಎಸ್‌ಎಂನಲ್ಲಿ ಮರವನ್ನು ನಳಿಗೆಗೆ ಕಟ್ಟೋ ಪಟ್ಟಿ ಸರಳವಾಗಿರುತ್ತೆ. ಕೆಕೆಡಬ್ಲ್ಯು ಆದರೆ ಮುಂಭಾಗ ಪೂರ್ತಿ ಸೈನ್ಯದ ರೈಫಲ್‌ನ ನಕಲು. ಬಯೋನೆಟ್ ಸಿಕ್ಕಿಸೋ ಕೊಕ್ಕೆ ಇರೋವೂ ಸಿಗುತ್ತವೆ. ಗುರಿಹಲಗೆಗೆ ಹೊಡೆಯೋ ಕ್ರೀಡೆಗೆ ಬಯೋನೆಟ್ ಯಾಕೆ ಬೇಕು ಅಂತ ಒಂದು ಕ್ಷಣ ಯೋಚಿಸಿ.

ಐದನೆಯದು ಪರೀಕ್ಷಾ ಮುದ್ರೆ. ನಳಿಗೆ ಸಿಡಿಯಲ್ಲ ಅಂತ ಸರ್ಕಾರಿ ಪರೀಕ್ಷಾಲಯ ಹಾಕೋ ಗುರುತು ಇದು. ಕೈಸರ್ ಕಾಲದ ಕಾನೂನಿನ ಪ್ರಕಾರ 'ಎನ್' ಅಕ್ಷರದ ಮೇಲೆ ಕಿರೀಟ ಹಾಕ್ತಿದ್ದರು. ಕೈಸರ್ 1918ರಲ್ಲೇ ಓಡಿಹೋದ. ಕಿರೀಟ ಮಾತ್ರ ಗಣರಾಜ್ಯದಲ್ಲೂ, ನಾಜಿ ಆಡಳಿತದಲ್ಲೂ ಮುಂದುವರಿಯಿತು. 1940ರಲ್ಲಿ ಹೊಸ ಕಾನೂನು ಜಾರಿಯಾದ ಮೇಲೆ ಅದರ ಜಾಗಕ್ಕೆ ಹದ್ದು ಬಂತು. ಕಿರೀಟ ಇದ್ದರೆ ಅದಕ್ಕೂ ಮುಂಚಿನದು, ಹದ್ದು ಇದ್ದರೆ ಆಮೇಲಿನದು ಅಂತ ಅಂದಾಜು ಮಾಡಬಹುದು.

ಆರನೆಯದು ಮಾಲೀಕರ ಗುರುತು. ಕೆಲವದರ ಮೇಲೆ ನಾಜಿ ಪಕ್ಷದ ದಾಳಿ ಪಡೆಯಾದ ಎಸ್‌.ಎ.ಯ ಮುದ್ರೆ ಇರುತ್ತೆ. ಇಲ್ಲೇ ಹುಷಾರಾಗಿರಬೇಕು. ನಾಜಿ ಮುದ್ರೆ ಇದ್ದರೆ ಬೆಲೆ ಏರುತ್ತೆ, ಬೆಲೆ ಏರುತ್ತೆ ಅಂತ ಸುಳ್ಳು ಮುದ್ರೆ ಹೊಡೆಯೋರೂ ಇದ್ದಾರೆ. ಸುತ್ತಲಿನ ಕಬ್ಬಿಣ ಸವೆದು ಮಾಸಿದ್ದು ಮುದ್ರೆಯ ಅಂಚು ಮಾತ್ರ ಚೂಪಾಗಿದ್ದರೆ, ಅಥವಾ ಮುದ್ರೆ ಹಳೆಯ ಗೀರಿನ ಮೇಲೆ ಕೂತಿದ್ದರೆ ಅನುಮಾನ ಪಡಿ.

ಕೊನೆಯದಾಗಿ ಮರ. ಮುಂದಿನ ಪಟ್ಟಿ ಬಿಚ್ಚಿದಾಗ ಅದರ ಅಡಿಯಲ್ಲಿ ಮರವನ್ನು ಗರಗಸದಿಂದ ಕೊಯ್ದು ಮತ್ತೆ ಅಂಟಿಸಿದ ಗುರುತು ಕಂಡರೆ ಅದನ್ನ ಹಾಳಾದ ಬಂದೂಕು ಅಂತ ಬದಿಗಿಡಬೇಡಿ. 1945ರಲ್ಲಿ ಅಮೆರಿಕನ್ ಸೈನಿಕರು ಜರ್ಮನಿಯಿಂದ ನೆನಪಿಗಂತ ರೈಫಲ್‌ಗಳನ್ನು ಹೊತ್ತೊಯ್ದರು. ಚೀಲದಲ್ಲಿ ಹಿಡಿಸಲಿ ಅಂತ ಮರವನ್ನು ಪಟ್ಟಿಯ ಅಡಿಯಲ್ಲೇ ಕೊಯ್ತಿದ್ದರು. ಆ ಗಾಯವೂ ಒಂದು ದಾಖಲೆ.

ಮೂರು ಹೆಸರುಗಳ ಕಥೆ

ಈಗ ಆರಂಭದ ಪ್ರಶ್ನೆ. ಸೂಲ್ ಊರಿನ ಸಿಮ್ಸನ್ ಕಂಪನಿಯನ್ನು 1856ರಲ್ಲಿ ಶುರು ಮಾಡಿದ್ದು ಲೋಬ್ ಮತ್ತು ಮೋಸೆಸ್ ಸಿಮ್ಸನ್ ಅನ್ನೋ ಯಹೂದಿ ಅಣ್ಣತಮ್ಮಂದಿರು. ಸೈಕಲ್, ಕಾರು, ಬಂದೂಕು, ಎಲ್ಲ ಮಾಡ್ತಿದ್ದರು. ವರ್ಸೈಲ್ಸ್ ನಂತರ ಒಂದು ಲಕ್ಷದ ಆ ಪುಟ್ಟ ಸೈನ್ಯಕ್ಕೆ ರೈಫಲ್ ಒದಗಿಸೋ ಅಧಿಕೃತ ಗುತ್ತಿಗೆ ಸಿಕ್ಕಿದ್ದು ಈ ಕಂಪನಿಗೆ. ಅಂದರೆ ಗಣರಾಜ್ಯದ ಸೈನ್ಯಕ್ಕೆ ಬಂದೂಕು ಕೊಡ್ತಿದ್ದದ್ದು ಒಂದು ಯಹೂದಿ ಕುಟುಂಬ. ನಾಜಿಗಳಿಗೆ ಇದನ್ನು ಸಹಿಸೋಕೆ ಆಗಲಿಲ್ಲ.

ಥುರಿಂಗಿಯಾದ ನಾಜಿ ಮುಖ್ಯಸ್ಥ ಫ್ರಿಟ್ಜ್ ಸೌಕೆಲ್ ಬೆನ್ನುಬಿದ್ದ. ಸರ್ಕಾರದಿಂದ ಅತಿ ಲಾಭ ಹೊಡೆದಿದ್ದಾರೆ ಅಂತ ಕೇಸು ಹಾಕಿಸಿದರು. 1935ರಲ್ಲಿ ಆರ್ಥರ್ ಸಿಮ್ಸನ್ ಅವರನ್ನು ಬಂಧಿಸಿ ಕಂಪನಿಯನ್ನು ಕಿತ್ತುಕೊಂಡರು. 1936ರಲ್ಲಿ ಕುಟುಂಬ ದೇಶ ಬಿಟ್ಟು ಕೊನೆಗೆ ಅಮೆರಿಕ ಸೇರಿತು. ಕಾರ್ಖಾನೆಗೆ 'ಬರ್ಲಿನ್-ಸೂಲ್ ಶಸ್ತ್ರ ಮತ್ತು ವಾಹನ ಕಾರ್ಖಾನೆ' ಅನ್ನೋ ಭಾವನೆಯೇ ಇಲ್ಲದ ಹೆಸರು ಬಂತು. ಜರ್ಮನ್‌ನಲ್ಲಿ ಅದರ ಚಿಕ್ಕ ರೂಪವೇ ಬಿಎಸ್‌ಡಬ್ಲ್ಯು. ಅದೇ ವರ್ಷ ಸ್ವಿಟ್ಜರ್ಲೆಂಡಿನ ನಾಜಿ ನಾಯಕ ವಿಲ್ಹೆಲ್ಮ್ ಗುಸ್ಟ್‌ಲೋಫ್‌ನನ್ನು ಡೇವಿಡ್ ಫ್ರಾಂಕ್‌ಫರ್ಟರ್ ಅನ್ನೋ ಯಹೂದಿ ವಿದ್ಯಾರ್ಥಿ ಗುಂಡಿಟ್ಟು ಕೊಂದಿದ್ದ. ಪಕ್ಷ ಅವನನ್ನು ಹುತಾತ್ಮ ಮಾಡಿತು. ಸೌಕೆಲ್ ಅವನ ಹೆಸರಲ್ಲಿ ಒಂದು ಪ್ರತಿಷ್ಠಾನ ಮಾಡಿ, ಕಿತ್ತುಕೊಂಡ ಕಾರ್ಖಾನೆಯನ್ನು ಅದರ ಕೈಗೆ ಒಪ್ಪಿಸಿದ. ಯಹೂದಿಗಳಿಂದ ಕಿತ್ತ ಕಾರ್ಖಾನೆಗೆ ಯಹೂದಿದ್ವೇಷಿಯ ಹೆಸರು ಬಿತ್ತು.

ಅಲ್ಲಿಗೇ ಮುಗಿಯಲಿಲ್ಲ. ವೈಮಾರ್‌ನಲ್ಲಿದ್ದ ಗುಸ್ಟ್‌ಲೋಫ್ ಕಾರ್ಖಾನೆಯಲ್ಲಿ 1942ರಿಂದ ಪಕ್ಕದ ಬುಚೆನ್‌ವಾಲ್ಡ್ ಯಾತನಾ ಶಿಬಿರದ ಕೈದಿಗಳನ್ನು ದುಡಿಸಿಕೊಂಡರು. 1943ರಲ್ಲಿ ಶಿಬಿರದ ಪಕ್ಕದಲ್ಲೇ ಇನ್ನೊಂದು ಘಟಕ ಎದ್ದಿತು. ಯುದ್ಧಕಾಲದ ಸೈನ್ಯದ ರೈಫಲ್‌ಗಳ ಮೇಲೆ ಕಂಪನಿಗಳ ಹೆಸರೇ ಇರಲ್ಲ, ರಹಸ್ಯಕ್ಕಾಗಿ ಅಕ್ಷರಗಳ ಸಂಕೇತ ಅಷ್ಟೇ. ವೈಮಾರ್ ಗುಸ್ಟ್‌ಲೋಫ್‌ನದ್ದು 'ಬಿಸಿಡಿ'. ಯುರೋಪಿನಾದ್ಯಂತ ಲಕ್ಷಾಂತರ ಜನರನ್ನು ಜರ್ಮನಿಗೆ ಬಲವಂತದ ದುಡಿಮೆಗೆ ಎಳೆತಂದ ಯೋಜನೆಯ ಮುಖ್ಯಸ್ಥನೂ ಇದೇ ಸೌಕೆಲ್. ನ್ಯೂರೆಂಬರ್ಗ್ ವಿಚಾರಣೆಯ ನಂತರ 1946ರ ಅಕ್ಟೋಬರ್‌ನಲ್ಲಿ ಅವನನ್ನು ನೇಣಿಗೆ ಹಾಕಿದರು.

ಹಾಗಾಗಿ ನನ್ನ ಮಟ್ಟಿಗೆ 'ಸಿಮ್ಸನ್' ಮುದ್ರೆ ಇರೋ ರೈಫಲ್, 'ಬಿಎಸ್‌ಡಬ್ಲ್ಯು' ಮುದ್ರೆ ಇರೋ ರೈಫಲ್ ಎರಡು ಬೇರೆ ಬೇರೆ ಸರಕಲ್ಲ. ಒಂದು ಕಳ್ಳತನದ ಮುಂಚಿನ ಮತ್ತು ನಂತರದ ಫೋಟೋ. ಕ್ಯಾಟಲಾಗ್‌ನಲ್ಲಿ 'ಅಪರೂಪದ ಮುದ್ರೆ, ಉತ್ತಮ ಸ್ಥಿತಿ' ಅಂತ ಬರೆದು ಕೈ ತೊಳೆದುಕೊಂಡರೆ ಅರ್ಧ ಮಾತ್ರ ಗುರುತಿಸಿದ ಹಾಗೆ.

'ಇದು ಬರೀ ಆಟ'

1936ರಲ್ಲಿ ಹಿಟ್ಲರ್ ಯೂತ್ ಸರ್ಕಾರದ ಅಧಿಕೃತ ಯುವಸಂಘಟನೆ ಆಯ್ತು. 1939ರಲ್ಲಿ ಅದರ ಸದಸ್ಯತ್ವ ಕಡ್ಡಾಯ ಆಯ್ತು. ಸಣ್ಣ ಗುಂಡಿನ ಶೂಟಿಂಗ್ ಅದರ ನಿತ್ಯದ ಕಾರ್ಯಕ್ರಮ, ಗುರಿಕಾರರಿಗೆ ಬ್ಯಾಡ್ಜ್ ಬೇರೆ. 1943ರಲ್ಲಿ ಇದೇ ಸಂಘಟನೆಯ ಹೆಸರಿನ ಎಸ್‌ಎಸ್ ಟ್ಯಾಂಕ್ ಡಿವಿಷನ್ ಹುಟ್ಟಿತು. ಅದಕ್ಕೆ ಸೇರಿಸಿಕೊಂಡದ್ದು ಹೆಚ್ಚಾಗಿ 1926ರಲ್ಲಿ ಹುಟ್ಟಿದ ಹುಡುಗರನ್ನು. ಡಿಎಸ್‌ಎಂ 34 ಬಂದಾಗ ಅವರಿಗೆ ಎಂಟು ವರ್ಷ. 1944ರಲ್ಲಿ ನಾರ್ಮಂಡಿಯಲ್ಲಿ ಸಾಯುವಾಗ ಹದಿನೆಂಟು.

ಹಿಟ್ಲರ್ ಯೂತ್ ಮುಖ್ಯಸ್ಥ ಬಾಲ್ಡುರ್ ಫಾನ್ ಶಿರಾಖ್ ನ್ಯೂರೆಂಬರ್ಗ್ ಕೋರ್ಟಿನಲ್ಲಿ ನಿಂತು, ತಾವು ಹುಡುಗರಿಗೆ ಕೊಟ್ಟಿದ್ದು ಮಿಲಿಟರಿ ತರಬೇತಿ ಅಲ್ಲ ಅಂತ ವಾದಿಸಿದ. ಕೋರ್ಟು ಒಪ್ಪಿತಾ? ಆ ಸಂಘಟನೆಯ ಚಟುವಟಿಕೆಗಳಿಗೆ ಯುದ್ಧದ ಸ್ವರೂಪ ಇತ್ತು ಅಂತ ತೀರ್ಪಿನಲ್ಲಿ ಬರೆಯಿತು. ಆದರೂ ಆಕ್ರಮಣಕಾರಿ ಯುದ್ಧದ ಸಂಚಿನಲ್ಲಿ ಶಿರಾಖ್ ಇದ್ದ ಅನ್ನೋದಕ್ಕೆ ಆಧಾರ ಇಲ್ಲ ಅಂತ ಆ ಆರೋಪದಿಂದ ಬಿಟ್ಟಿತು. ಅವನಿಗೆ 20 ವರ್ಷ ಶಿಕ್ಷೆ ಆಗಿದ್ದು ವಿಯೆನ್ನಾದ ಯಹೂದಿಗಳನ್ನು ಗಡೀಪಾರು ಮಾಡಿದ್ದಕ್ಕೆ. ಮಕ್ಕಳನ್ನು ಸೈನಿಕರನ್ನಾಗಿ ಮಾಡಿದ್ದಕ್ಕೆ ಅಲ್ಲ. 'ಕ್ರೀಡೆ' ಅನ್ನೋ ಪದ ಎಷ್ಟು ಗಟ್ಟಿ ಗುರಾಣಿ ನೋಡಿ.

ಹಾಗಂತ ಪಾಯಿಂಟ್ ಟೂ ಟೂ ಹಿಡಿದವರೆಲ್ಲ ಫ್ಯಾಸಿಸ್ಟರಾ? ಖಂಡಿತ ಅಲ್ಲ. ನಿಮ್ಮಲ್ಲೇ ಅನೇಕರು ಎನ್‌ಸಿಸಿ ಕ್ಯಾಂಪಿನಲ್ಲಿ ನೆಲದ ಮೇಲೆ ಮಲಗಿ ಅದೇ ಪಾಯಿಂಟ್ ಟೂ ಟೂನಲ್ಲಿ ಗುರಿ ಇಟ್ಟಿರ್ತೀರಿ. ಎನ್‌ಸಿಸಿ 1948ರ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ್ದು, ಸೇರೋದು ಸ್ವಇಚ್ಛೆ, ಯಾವ ಪಕ್ಷದ ಕೈಯಲ್ಲೂ ಇಲ್ಲ. ಒಲಿಂಪಿಕ್ಸ್ ಶೂಟರ್‌ಗಳೂ ಇದೇ ತೋಟಾ ಬಳಸೋದು. ವ್ಯತ್ಯಾಸ ಬಂದೂಕಿನಲ್ಲಿಲ್ಲ, ಸುತ್ತಲಿನ ವ್ಯವಸ್ಥೆಯಲ್ಲಿದೆ. ನಾನು ಮೂರು ಪ್ರಶ್ನೆ ಕೇಳ್ತೀನಿ: ತರಬೇತಿ ಕೊಡೋರು ಯಾರಿಗೆ ಉತ್ತರ ಕೊಡಬೇಕು? ಬೇಡ ಅನ್ನೋ ಹಕ್ಕು ಆ ಹುಡುಗನಿಗೆ, ಹುಡುಗಿಗೆ ಇದೆಯಾ? ಬಾಗಿಲಲ್ಲಿ ಯಾರನ್ನು ಹೊರಗೆ ನಿಲ್ಲಿಸ್ತಿದ್ದಾರೆ? ಸಂವಿಧಾನಕ್ಕೆ ಉತ್ತರ ಕೊಡದ ಯಾವುದೋ ಸಂಘಟನೆ ಮಕ್ಕಳ ಕೈಗೆ ಆಯುಧ ಕೊಟ್ಟು 'ಆತ್ಮರಕ್ಷಣೆ', 'ಕ್ರೀಡೆ', 'ಶಿಸ್ತು' ಅಂದಾಗ ಈ ಮೂರೂ ಪ್ರಶ್ನೆ ನೆನಪಿರಲಿ.

ಸಂಗ್ರಹ ಮತ್ತು ಕಾನೂನು

ಭಾರತದಲ್ಲಿ 'ಆಂಟಿಕ್ ಅಲ್ವಾ, ಲೈಸೆನ್ಸ್ ಬೇಡ' ಅಂತ ಹೇಳೋರು ಸಿಗ್ತಾರೆ. ಅದು ಅರ್ಧ ಸತ್ಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೆಯ ಮಾದರಿಯ, ಪುರಾತನ ಮೌಲ್ಯದ ಆಯುಧಕ್ಕೆ ವಿನಾಯಿತಿ ಕೊಡುತ್ತೆ ನಿಜ. ಆದರೆ ರಿಪೇರಿ ಮಾಡಿದರೂ ಅದು ಗುಂಡು ಹಾರಿಸುವಂತಿರಬಾರದು. ಪಾಯಿಂಟ್ ಟೂ ಟೂ ತೋಟಾ ಇವತ್ತಿಗೂ ತಯಾರಾಗುತ್ತೆ, ಆದ್ದರಿಂದ ತೊಂಬತ್ತು ವರ್ಷದ ರೈಫಲ್ ಕೂಡ ಸರಿಯಿದ್ದರೆ ಕಾನೂನಿನ ಕಣ್ಣಲ್ಲಿ ಬಂದೂಕೇ. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರು ಇಟ್ಟುಕೊಳ್ಳಬಹುದಾದ್ದು ಎರಡೇ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ವಸಾಹತು ಕಾಲದಿಂದ ಬಂದ ಬೇರೆಯೇ ವ್ಯವಸ್ಥೆ, ಅದು ಎಲ್ಲರಿಗೂ ಅನ್ವಯಿಸಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಏನಾದರೂ ಸಿಕ್ಕರೆ ಬೋಲ್ಟ್ ಎಳೆದು ನೋಡೋಕೆ ಹೋಗಬೇಡಿ, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ.

ಸಂಗ್ರಹ ಮಾಡೋರಿಗೆ ನನ್ನ ಒಂದೇ ಕೋರಿಕೆ: ಏನನ್ನೂ ಅಳಿಸಬೇಡಿ, ಏನನ್ನೂ ಸೇರಿಸಬೇಡಿ. ಮುಜುಗರ ಅಂತ ಸ್ವಸ್ತಿಕ ಉಜ್ಜಿ ತೆಗೆದರೆ ಸಾಕ್ಷಿ ನಾಶ. ಬೆಲೆ ಬರಲಿ ಅಂತ ಹೊಸದಾಗಿ ಹೊಡೆದರೆ ಸುಳ್ಳು ಸಾಕ್ಷಿ. ಪಾಲಿಶ್ ಹೊಡೆದು ಹೊಳೆಯುವಂತೆ ಮಾಡೋದೂ ಬೇಡ.

ಇತಿಹಾಸ ಗೊತ್ತಿಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಸೂಲ್ ಊರೇ ಉದಾಹರಣೆ. ಯುದ್ಧದ ನಂತರ ಪೂರ್ವ ಜರ್ಮನಿಯಲ್ಲಿ ಸಿಮ್ಸನ್ ಹೆಸರು ವಾಪಸ್ ಬಂತು, ಈ ಸಲ ಮೊಪೆಡ್‌ಗಳ ಮೇಲೆ. ನಮ್ಮಲ್ಲಿ ಲೂನಾ ಇದ್ದ ಹಾಗೆ ಅಲ್ಲಿನ ಹಳ್ಳಿ ಹುಡುಗರ ಪ್ರೀತಿಯ ಗಾಡಿ ಅದು. 2024ರ ಥುರಿಂಗಿಯಾ ಚುನಾವಣೆಯಲ್ಲಿ ಕಡು ಬಲಪಂಥೀಯ ಎಎಫ್‌ಡಿ ಪಕ್ಷದ ನಾಯಕ ಬ್ಯೋರ್ನ್ ಹ್ಯೋಕೆ ಸಿಮ್ಸನ್ ಮೊಪೆಡ್ ಏರಿ ಪ್ರಚಾರ ಮಾಡಿದರು. ಅಮೆರಿಕದಲ್ಲಿರುವ ಸಿಮ್ಸನ್ ವಂಶಸ್ಥರು, ನಮ್ಮ ಹೆಸರನ್ನು ಇದಕ್ಕೆ ಬಳಸಬೇಡಿ ಅಂತ ಬಹಿರಂಗವಾಗಿ ಆಕ್ಷೇಪಿಸಿದರು. ಎಎಫ್‌ಡಿ ಆ ಚುನಾವಣೆಯಲ್ಲಿ 32.8% ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. ಒಮ್ಮೆ ಈ ಹೆಸರನ್ನು ಕಬ್ಬಿಣದಿಂದ ಅಳಿಸಿಹಾಕಿದರು. ಈಗ ಹೆಸರನ್ನು ಉಳಿಸಿಕೊಂಡು, ಅದರ ಹಿಂದಿರೋ ಜನರನ್ನು ಅಳಿಸ್ತಿದ್ದಾರೆ.